ರಾತ್ರಿ ಒಂಬತ್ತರ ಗೇಟು

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲ ಎಂಬ ಮಾತು ಈ ನಾಡಿನ ದೊಡ್ಡ ದೊಡ್ಡವರನ್ನು ದಶಕಗಟ್ಟಲೆ ಹೆದರಿಸಿತ್ತು. ನಮ್ಮ ಊರಿನ ಹೆಸರು ಕೇಳಿದರೆ ಅಧಿಕಾರದಲ್ಲಿದ್ದವರು ದಾರಿ ಬದಲಿಸುತ್ತಿದ್ದರು. ಸಿದ್ದರಾಮಯ್ಯನವರು 2013ರಲ್ಲಿ ಮುಖ್ಯಮಂತ್ರಿಯಾಗಿ, ಮತ್ತೆ ಮತ್ತೆ ಇಲ್ಲಿಗೆ ಬಂದು, ಐದು ವರ್ಷ ಪೂರ್ತಿ ಆಳಿ ತೋರಿಸಿದ ಮೇಲೆ ಆ ಗುಮ್ಮ ಸ್ವಲ್ಪ ಅಡಗಿತು. ಕುರ್ಚಿ ಇದ್ದವರು ಹೀಗೆ ಹೆದರಿ ದೂರ ನಿಂತಿದ್ದ ಕಾಲದಲ್ಲೇ, ಕೈಯಲ್ಲಿ ಏನೂ ಇಲ್ಲದ ನೀವು ಹೆದರಲಿಲ್ಲ. ಬೇಗೂರಿನಿಂದ, ತೆರಕಣಾಂಬಿಯಿಂದ, ಹಂಗಳದಿಂದ, ಹರವೆಯಿಂದ, ಸಂತೇಮರಹಳ್ಳಿಯಿಂದ ಹೊರಟು, ಅಪ್ಪ ಅರಿಶಿನ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟಿ, ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷಿನ ಗೋಡೆಗೆ ತಲೆ ಚಚ್ಚಿಕೊಂಡು, ನಮ್ಮ ಜಿಲ್ಲಾ ಕೇಂದ್ರದಲ್ಲೇ ತೆರೆದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಮೈಸೂರಿನ ಕಾಲೇಜುಗಳಲ್ಲೋ ಡಿಗ್ರಿ ಮುಗಿಸಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ, ವೈಟ್‌ಫೀಲ್ಡಿನಲ್ಲಿ, ಮಾನ್ಯತಾ ಟೆಕ್ ಪಾರ್ಕಿನಲ್ಲಿ ಹೋಗಿ ನಿಂತಿರಿ. ಮೈಸೂರಿನಿಂದ ಬರುವ ರೈಲು ನಮ್ಮ ಊರಿನಲ್ಲಿ ನಿಲ್ಲುತ್ತದೆ, ಮುಂದೆ ಹಳಿಯಿಲ್ಲ. ನಿಮ್ಮ ಹಾದಿ ಮಾತ್ರ ನಿಲ್ಲಲಿಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ 75 ದಾಟಿದ್ದಾಗ ಚಾಮರಾಜನಗರ ಜಿಲ್ಲೆಯದು ಶೇ 61ರಲ್ಲಿತ್ತು. ಅಂಥ ಜಿಲ್ಲೆಯಿಂದ ಹೊರಟ ಒಬ್ಬೊಬ್ಬ ಸಾಫ್ಟ್‌ವೇರ್ ಡೆವಲಪರ್ ಹಿಂದೆ ಒಂದೊಂದು ಮನೆ ಇದೆ, ಒಂದೊಂದು ಬೀದಿ ಇದೆ. ಆದ್ದರಿಂದಲೇ ಕೇಳುತ್ತೇನೆ, ಇಷ್ಟು ದೂರ ಹೋದ ನಿಮ್ಮ ತಲೆಯನ್ನು ಅಲ್ಲಿ ಏನು ಮಾಡುತ್ತಿದ್ದಾರೆ? ಇಡಿಯಾಗಿ ಹೋದ ನಿಮ್ಮ ಗಮನ ಚೂರುಚೂರಾಗಿ ಯಾರ ಯಾರ ಪಾಲಾಗುತ್ತಿದೆ? ನೀವದನ್ನು ಗಮನಿಸಿದ್ದೀರಾ?

ನಿಮ್ಮ ಒಂದು ದಿನವನ್ನೇ ನೋಡೋಣ. ಬೆಳಗ್ಗೆ ಹತ್ತಕ್ಕೆ ಸ್ಟ್ಯಾಂಡ್‌ಅಪ್. ಹದಿನೈದು ನಿಮಿಷದ್ದು ನಲವತ್ತು ನಿಮಿಷ ಎಳೆಯುತ್ತದೆ. ಕುಳಿತು ಕೋಡ್ ತೆರೆಯುತ್ತೀರಿ. ಒಂದು ಫಂಕ್ಷನ್‌ನಿಂದ ಇನ್ನೊಂದಕ್ಕೆ, ಅಲ್ಲಿಂದ ಡೇಟಾಬೇಸಿನ ಟೇಬಲ್‌ಗೆ, ಅಲ್ಲಿಂದ ಮೂರು ವರ್ಷದ ಹಿಂದೆ ಯಾರೋ ಬರೆದು ಬಿಟ್ಟುಹೋದ ಒಂದು ಷರತ್ತಿನ ಸಾಲಿಗೆ ಬಂದು, ‘ಓಹೋ, ತಪ್ಪು ಇಲ್ಲಿದೆ’ ಎನ್ನುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ಮೇಲೇಳುತ್ತದೆ. ‘ಎರಡು ನಿಮಿಷ ಇದೆಯಾ? ಕ್ವಿಕ್ ಕಾಲ್.’ ಅದು ಇಪ್ಪತ್ತು ನಿಮಿಷ. ತಿರುಗಿ ಬಂದರೆ ಹಳೇ ಪ್ರಾಜೆಕ್ಟಿನ ಒಂದು ಟಿಕೆಟ್ ನಿಮ್ಮ ಹೆಸರಿಗೆ ಬಿದ್ದಿದೆ. ಅದನ್ನು ನೋಡುವಾಗ ಟೆಸ್ಟಿಂಗ್‌ನವರು ಬಗ್ ತೆರೆದಿದ್ದಾರೆ. ಅದರ ನಡುವೆ ಹೊಸದಾಗಿ ಸೇರಿದ ಹುಡುಗಿಗೆ ಕೆಲಸ ಹೇಳಿಕೊಡಬೇಕು. ಊಟ ಕೀಬೋರ್ಡಿನ ಪಕ್ಕದಲ್ಲಿ. ಸಂಜೆ ಆರಕ್ಕೆ ಆಫೀಸು ಖಾಲಿಯಾಗುವ ಹೊತ್ತಿಗೆ ನಿಮ್ಮ ನಿಜವಾದ ಕೆಲಸ ಶುರುವಾಗುತ್ತದೆ. ರಾತ್ರಿ ಒಂಬತ್ತೂವರೆಗೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್. ಆಗಲೇ ಊರಿನಿಂದ ಅವ್ವನ ಫೋನು.

‘ಉಂಡ್ಯಾ ಕೂಸ?’

‘ಕಾಲಲ್ಲಿವ್ನಿ ಕನವ್ವ, ಆಮೇಲ್ ಮಾಡ್ತೀನಿ.’

ಆ ಆಮೇಲೆ ಎಷ್ಟು ಸಲ ಬಂದಿದೆ?

ಹೀಗೆ ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವುದಕ್ಕೆ ಮಲ್ಟಿಟಾಸ್ಕಿಂಗ್ ಎಂದು ಹೆಸರಿಟ್ಟು, ಇದೊಂದು ಪ್ರತಿಭೆ ಎಂದು ರೆಸ್ಯೂಮೆಯಲ್ಲಿ ಬರೆಯಲು ನಿಮಗೆ ಕಲಿಸಿದ್ದಾರೆ. ಆದರೆ ಐದನೇ ಸೆಮಿಸ್ಟರಿನಲ್ಲೋ ಆರನೆಯದರಲ್ಲೋ ನೀವು ಓದಿದ ಆಪರೇಟಿಂಗ್ ಸಿಸ್ಟಂ ಪಾಠ ನೆನಪಿಸಿಕೊಳ್ಳಿ. ಪ್ರೊಸೆಸರಿನ ಒಂದು ಕೋರ್ ಒಂದು ಗಳಿಗೆಯಲ್ಲಿ ಒಂದೇ ಕೆಲಸ ಮಾಡುತ್ತದೆ. ಒಂದನ್ನು ನಿಲ್ಲಿಸಿ, ಅದರ ಸ್ಥಿತಿಯನ್ನೆಲ್ಲ ಬರೆದಿಟ್ಟು, ಇನ್ನೊಂದರ ಸ್ಥಿತಿಯನ್ನು ತಂದು ತುಂಬಿಕೊಂಡು ಓಡುತ್ತದೆ. ಈ ಕಾಂಟೆಕ್ಸ್ಟ್ ಸ್ವಿಚ್ಚಿಗೆ ಬೆಲೆಯಿದೆ, ಅದು ಬರೀ ನಷ್ಟದ ಬಾಬ್ತು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವರು ನೀವು. ಕೆಲಸಗಳು ಮಿತಿಮೀರಿದರೆ ಯಂತ್ರ ಮೆಮೊರಿಯ ಪುಟಗಳನ್ನು ಅದಲುಬದಲು ಮಾಡುವುದರಲ್ಲೇ ಏದುಸಿರು ಬಿಡುತ್ತಾ ಕೆಲಸವನ್ನೇ ಮಾಡದಂತಾಗುವುದನ್ನು ಥ್ರ್ಯಾಷಿಂಗ್ ಎಂದು ಕಲಿತವರೂ ನೀವೇ. ಸಿಲಿಕಾನಿಗೆ ಒಪ್ಪಿಕೊಂಡ ಈ ಮಿತಿಯನ್ನು ನಮ್ಮ ಮಿದುಳಿಗೆ ಏಕೆ ಒಪ್ಪುವುದಿಲ್ಲ? ಯಂತ್ರವಾದರೂ ಬಿಟ್ಟ ಜಾಗವನ್ನು ಅಕ್ಷರ ತಪ್ಪದೆ ನೆನಪಿಟ್ಟುಕೊಳ್ಳುತ್ತದೆ. ನಮಗೆ ಆ ಸೌಭಾಗ್ಯವೂ ಇಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಕಚೇರಿ ನೌಕರರ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಇದನ್ನೇ ಅಳೆದವರು. ಅಡ್ಡಿಪಡಿಸಿದ ಕೆಲಸಕ್ಕೆ ಮರಳಲು ಸರಾಸರಿ 23 ನಿಮಿಷ ಬೇಕಾಗುತ್ತದೆ ಎಂದು ಅವರು ಕಂಡುಕೊಂಡರು. ಅದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು 2008ರ ಅವರ ಇನ್ನೊಂದು ಅಧ್ಯಯನ. ಪದೇ ಪದೇ ಅಡ್ಡಿಯಾದವರು ಕೆಲಸವನ್ನು ಬೇಗನೆ ಮುಗಿಸಿದ್ದರು! ಕಳೆದ ಹೊತ್ತನ್ನು ತುಂಬಿಕೊಳ್ಳಲು ಓಡಿ ಓಡಿ ಮುಗಿಸಿದ್ದರು. ಆ ಓಟದ ದಂಡ ಬೇರೆ ಕಡೆ ಬಿದ್ದಿತ್ತು: ಒತ್ತಡ ಏರಿತ್ತು, ರೇಗಾಟ ಏರಿತ್ತು, ಹೊತ್ತು ಸಾಲದೆಂಬ ತಳಮಳ ಏರಿತ್ತು. ಇದನ್ನು ಎರಡು ಸಲ ಓದಿಕೊಳ್ಳಿ. ನಿಮ್ಮ ಮ್ಯಾನೇಜರಿನ ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಹಸಿರಾಗಿ ಕಾಣುವುದು ಏಕೆ, ನೀವು ಮಾತ್ರ ಒಳಗೆ ಬಾಡುತ್ತಿರುವುದು ಏಕೆ ಎಂಬುದಕ್ಕೆ ಉತ್ತರ ಅಲ್ಲಿದೆ. ಕಂಪನಿಯ ನಷ್ಟವನ್ನು ನಿಮ್ಮ ಮೈ ತೀರಿಸುತ್ತಿದೆ.

ಒಬ್ಬ ಡೆವಲಪರ್ ಮೇಲೆ ಎರಡು ಪ್ರಾಜೆಕ್ಟ್ ಹೊರಿಸಿದರೆ ಅವನ ಹೊತ್ತಿನ ಐದನೇ ಒಂದು ಪಾಲು ಬದಲಾಯಿಸುವುದರಲ್ಲೇ ಹೋಗುತ್ತದೆ, ಐದು ಹೊರಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ ಎಂದು ಜೆರಾಲ್ಡ್ ವೈನ್‌ಬರ್ಗ್ 1992ರಲ್ಲೇ ಅಂದಾಜು ಕಟ್ಟಿಕೊಟ್ಟಿದ್ದರು. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಐಬಿಎಂನಲ್ಲಿ ದೊಡ್ಡ ಆಪರೇಟಿಂಗ್ ಸಿಸ್ಟಂ ಕಟ್ಟಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪುಸ್ತಕವನ್ನೇ ಬರೆದರು. ಇದೆಲ್ಲ ಈ ವೃತ್ತಿಯ ಹಿರಿಯರ ಮಾತು. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಗೊತ್ತಿದ್ದೂ ನಡೆಯುತ್ತಿದೆ.

‘ಹಾಗಾದರೆ ನಮ್ಮವರು ಒಟ್ಟಿಗೆ ಎಂಟು ಕೆಲಸ ಮಾಡಿ ತೋರಿಸಲಿಲ್ಲವೇ?’ ಎಂದು ಕೇಳುವವರಿದ್ದಾರೆ. ತೋರಿಸಿದ್ದಾರೆ. ಅವಧಾನ ಎಂದರೆ ಅದೇ. ಪ್ರಶ್ನೆ ಕೇಳುವ ಎಂಟು ಪೃಚ್ಛಕರು, ಒಬ್ಬ ಅವಧಾನಿ. ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ಅಕ್ಷರಕ್ಕೆ ನಿಷೇಧ ಹಾಕುತ್ತಾರೆ, ಒಬ್ಬರು ಸಂಬಂಧವಿಲ್ಲದ ಪದಗಳನ್ನು ಕೊಟ್ಟು ಪದ್ಯ ಕಟ್ಟಿ ಎನ್ನುತ್ತಾರೆ, ಅಪ್ರಸ್ತುತಪ್ರಸಂಗಿ ನಡುನಡುವೆ ಬಾಯಿ ಹಾಕುತ್ತಲೇ ಇರುತ್ತಾರೆ. ಎಂಜಿನಿಯರಿಂಗ್ ಓದಿದ ಶತಾವಧಾನಿ ಆರ್. ಗಣೇಶ್ ಇಂಥ ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿಕೊಟ್ಟಿದ್ದಾರೆ. ಆದರೆ ಆ ವೇದಿಕೆಯ ಏರ್ಪಾಡು ನೋಡಿ. ಪೃಚ್ಛಕರು ಎಷ್ಟು ಮಂದಿ ಎಂಬುದು ಮೊದಲೇ ನಿಶ್ಚಯ. ಯಾರ ಸರದಿ ಯಾವಾಗ ಎಂಬುದೂ ನಿಶ್ಚಯ. ಒಂದು ಸುತ್ತಿಗೆ ಒಂದು ಪಾದ, ನಾಲ್ಕು ಸುತ್ತಿಗೆ ಒಂದು ಪದ್ಯ, ಕೊನೆಗೆ ಧಾರಣೆ, ಚಪ್ಪಾಳೆ, ಮಂಗಳ. ಅಡ್ಡ ಮಾತಾಡುವ ಹಕ್ಕು ಒಬ್ಬರಿಗೆ ಮಾತ್ರ. ಒಂಬತ್ತನೆಯವರೊಬ್ಬರು ಮೆಟ್ಟಿಲು ಹತ್ತಿ ಬಂದು ‘ಸ್ವಾಮಿ, ಇದೊಂದು ಅರ್ಜೆಂಟು’ ಎನ್ನುವುದಿಲ್ಲ. ನಿಮ್ಮ ಟೀಮಿನಲ್ಲಿ ಪೃಚ್ಛಕರು ಎಷ್ಟು ಮಂದಿ? ಎಲ್ಲರೂ ಅಪ್ರಸ್ತುತಪ್ರಸಂಗಿಗಳೇ ಆದರೆ ಪದ್ಯ ಎಲ್ಲಿಂದ ಹುಟ್ಟಬೇಕು?

ಮಿತಿ ಹಾಕುವುದು ಸೋಲಲ್ಲ ಎಂಬುದನ್ನು ಗುಂಡ್ಲುಪೇಟೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಂಡೀಪುರದ ಕಾಡಿನೊಳಗೆ ಹಾದು ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ಹೆದ್ದಾರಿಗಳ ಗೇಟು ನಿತ್ಯ ರಾತ್ರಿ ಒಂಬತ್ತಕ್ಕೆ ಬೀಳುತ್ತದೆ, ಬೆಳಗ್ಗೆ ಆರಕ್ಕೆ ಏಳುತ್ತದೆ. 2009ರಲ್ಲಿ ಶುರುವಾದ ನಿಷೇಧ ಇದು. 2010ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಎಷ್ಟು ಒತ್ತಡ ಬಂತು ಆಗ! ವ್ಯಾಪಾರ ಬಿದ್ದುಹೋಗುತ್ತದೆ ಎಂದರು, ತರಕಾರಿ ಕೊಳೆಯುತ್ತದೆ ಎಂದರು, ಪಕ್ಕದ ರಾಜ್ಯದವರು ನ್ಯಾಯಾಲಯಕ್ಕೆ ಹೋದರು, 2019ರಲ್ಲಿ ಬತ್ತೇರಿಯಲ್ಲಿ ಉಪವಾಸವೂ ನಡೆಯಿತು. ಗೇಟು ಏಳಲಿಲ್ಲ. ವ್ಯಾಪಾರವೂ ನಿಲ್ಲಲಿಲ್ಲ. ಲಾರಿಯವರು ಹೊತ್ತು ಬದಲಿಸಿಕೊಂಡರು. ತೆರಕಣಾಂಬಿಯ ತರಕಾರಿ ಇವತ್ತೂ ಕೇರಳಕ್ಕೆ ಹೋಗುತ್ತಿದೆ, ಓಣಂ ಬಂದರೆ ನಮ್ಮ ಚೆಂಡು ಹೂವೂ ಹೋಗುತ್ತದೆ. ಮದ್ದೂರು ಚೆಕ್‌ಪೋಸ್ಟಿನಲ್ಲೂ ಮೇಲುಕಾಮನಹಳ್ಳಿಯಲ್ಲೂ ನಿಂತ ಸಾಲು ಬೆಳಗಿನವರೆಗೆ ಕಾಯುತ್ತದೆ. ಆಂಬುಲೆನ್ಸ್ ಬಂದರೆ ಗೇಟು ಏಳುತ್ತದೆ. ಸಮಯ ಗೊತ್ತುಮಾಡಿದ ಕೆಲವೇ ಬಸ್ಸುಗಳಿಗೂ ಏಳುತ್ತದೆ. ಉಳಿದದ್ದೆಲ್ಲ ನಾಳೆಗೆ.

ಆನೆಗೆ, ಜಿಂಕೆಗೆ, ಹುಲಿಗೆ ರಾತ್ರಿ ಬೇಕೆಂದು ಒಪ್ಪಿದ ನಾಡು ನಿಮಗೂ ರಾತ್ರಿ ಬೇಕೆಂದು ಏಕೆ ಒಪ್ಪುವುದಿಲ್ಲ? ಅದಕ್ಕಿಂತ ಮೊದಲು, ನೀವೇ ಏಕೆ ಒಪ್ಪುವುದಿಲ್ಲ?

ಪ್ರೊಡಕ್ಷನ್ ಸರ್ವರ್ ಮಲಗಿದೆ, ಆಸ್ಪತ್ರೆಯ ಬಿಲ್ಲಿಂಗ್ ನಿಂತಿದೆ, ಜನರ ಹಣ ನಡುದಾರಿಯಲ್ಲಿ ಸಿಕ್ಕಿಕೊಂಡಿದೆ: ಅದು ಆಂಬುಲೆನ್ಸ್. ಏಳಿ, ಓಡಿ, ಸರಿಮಾಡಿ. ಆ ವೃತ್ತಿಧರ್ಮವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಬಟನ್ನಿನ ಬಣ್ಣ ತಿಳಿಯಾಗಬೇಕು, ನಾಳಿದ್ದಿನ ಡೆಮೋಗೆ ಇನ್ನೊಂದು ಸ್ಲೈಡ್ ಬೇಕು, ವರದಿಯ ಕಾಲಂ ಆಚೀಚೆ ಆಗಬೇಕು, ಇವೆಲ್ಲ ಟೊಮೆಟೊ ಲಾರಿಗಳು. ಬೆಳಗ್ಗೆ ಆರರವರೆಗೆ ಕಾಯಲಿ. ಎಲ್ಲ ಟಿಕೆಟ್‌ಗೂ ಪಿ-ಒನ್ ಎಂದು ಕೆಂಪು ಹಚ್ಚುವವರಿಗೆ ಆಂಬುಲೆನ್ಸಿಗೂ ಲಾರಿಗೂ ವ್ಯತ್ಯಾಸ ತೋರಿಸಬೇಕಾದವರು ಯಾರು? ಗೇಟಿನಲ್ಲಿ ನಿಂತವರೇ. ನಾವೇ.

ಗಂಟೆಗಳ ಮಾತು ಬಂದಾಗ ಈಚೆಗೆ ದೊಡ್ಡವರೆಲ್ಲ ಉದಾರಿಗಳಾಗಿದ್ದಾರೆ. ನಮ್ಮ ಪಕ್ಕದ ಮೈಸೂರಿನ ಎನ್‌ಐಇಯಲ್ಲೇ ಓದಿ, ಇನ್ಫೋಸಿಸ್ ಕಟ್ಟಿ, ನಮ್ಮಂಥವರ ಎಷ್ಟೋ ಮನೆಗೆ ಅನ್ನದ ದಾರಿ ತೋರಿದ ನಾರಾಯಣ ಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಂತು, ಭಾನುವಾರವೂ ಸೇರಿ. ಮೂರ್ತಿಯವರ ಮೇಲೆ ನನಗೆ ಗೌರವವಿದೆ, ಅವರು ಸ್ವಂತ ಸಂಸ್ಥೆಗೆ ದುಡಿದ ರೀತಿಯ ಮೇಲೂ ಇದೆ. ತಾನು ಕಟ್ಟುತ್ತಿರುವ ಮನೆಗೆ ಇಟ್ಟಿಗೆ ಹೊರುವವನ ದಣಿವೇ ಬೇರೆ, ಕೂಲಿಗೆ ಹೊರುವವನ ದಣಿವೇ ಬೇರೆ ಎಂಬುದಷ್ಟೇ ನನ್ನ ತಕರಾರು. ಮತ್ತು ದೇಶಕ್ಕಾಗಿ ಎಂದು ಅವರು ಹೇಳಿದ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹೌದು, ದೇಶಕ್ಕಾಗಿ. ಹಾಗಾದರೆ ಲೆಕ್ಕವನ್ನೂ ದೇಶಕ್ಕಾಗಿಯೇ ಹಾಕೋಣ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಒಟ್ಟಿಗೆ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 35–40 ಗಂಟೆ ದುಡಿಯುವವರಿಗಿಂತ 55 ಗಂಟೆ ಮತ್ತು ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಇಪ್ಪತ್ತೆಂಟರಲ್ಲಿ ಬಿಪಿ ಮಾತ್ರೆ ನುಂಗುವ ಮಗನಿಂದ ದೇಶಕ್ಕೆ ಏನು ಲಾಭ? ಅವನು ಓದಲೆಂದು ಎಮ್ಮೆ ಮಾರಿದ ಅಪ್ಪನಿಗೆ ಏನು ಲಾಭ?

ಕಾನೂನು ನಿಮ್ಮ ಕಡೆ ಇದೆ ಎಂಬುದು ನಿಮಗೆ ಗೊತ್ತಿದೆಯೇ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬರೆದಿಟ್ಟದ್ದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಂ ಸೇರಿಸಿದರೂ ದಿನಕ್ಕೆ 10 ದಾಟುವಂತಿಲ್ಲ, ಮೂರು ತಿಂಗಳಲ್ಲಿ ಓವರ್‌ಟೈಂ 50 ಗಂಟೆ ಮೀರುವಂತಿಲ್ಲ, ಆ ಗಂಟೆಗಳಿಗೆ ಎರಡು ಪಟ್ಟು ಕೂಲಿ. ಅಂಗಡಿಯ ಗುಮಾಸ್ತನನ್ನು ಕಣ್ಣ ಮುಂದಿಟ್ಟುಕೊಂಡು ಬರೆದಂತೆ ಕಾಣುವ ಆ ಕಾಯ್ದೆಯ ನೆರಳಿನಲ್ಲೇ ಗಾಜಿನ ಕಟ್ಟಡದ ನೀವೂ ಇದ್ದೀರಿ. 2024ರ ಜುಲೈನಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಗೆ ಚಾಚಬಹುದಾದ ಪ್ರಸ್ತಾವವೊಂದು ಬಂತು. 2025ರಲ್ಲಿ ಮತ್ತೊಂದು ಬಂತು, ಓವರ್‌ಟೈಂ ಸೇರಿ 12 ಗಂಟೆಯದ್ದು. ಎರಡೂ ಸಲ ಎದ್ದು ನಿಂತದ್ದು ‘ಕಿಟು’, ಅಂದರೆ ಕರ್ನಾಟಕ ರಾಜ್ಯದ ಐಟಿ ನೌಕರರ ಸಂಘ. 2017ರಲ್ಲಿ ಕಟ್ಟಿದ ಇನ್ನೂ ಎಳೆಯ ಸಂಘ ಅದು. ನಿಮ್ಮ ವಯಸ್ಸಿನವರೇ, ನಿಮ್ಮಂತೆಯೇ ಐಡಿ ಕಾರ್ಡು ನೇತುಹಾಕಿಕೊಂಡವರೇ ಬೀದಿಗಿಳಿದರು. ಸಂಘ ಎಂದರೆ ಕಾರ್ಖಾನೆಯವರಿಗೆ, ನಮಗಲ್ಲ ಎಂದು ಮೂಗು ಮುರಿಯುವ ಗೆಳೆಯರಿಗೆ ಒಂದು ಮಾತು: ನಿಮ್ಮ ಗಂಟೆಗಳ ಬಗ್ಗೆ ವಿಧಾನಸೌಧದಲ್ಲಿ ಮಾತಾಡಲು ಕಂಪನಿಗಳಿಗೆ ಸಂಘವಿದೆ. ನಿಮಗೆ?

ಹೋಗಲಿ, ಸಂಘ ಸೇರುವುದು ಬಿಡುವುದು ನಿಮ್ಮ ಇಷ್ಟ. ಕನಿಷ್ಠ ಗಂಟೆಗಳನ್ನು ಬರೆದಿಡಿ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ, ದಿನಾ, ಬಂದ ಹೊತ್ತು, ಎದ್ದ ಹೊತ್ತು, ನಡುವೆ ಎಷ್ಟು ಸಲ ಕೆಲಸ ಬದಲಾಯಿತು. ನಮ್ಮ ಹಿರಿಯರು ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಪಾಸ್‌ಪುಸ್ತಕದಲ್ಲಿ ಬರೆಸಿಕೊಳ್ಳದೆ ಮನೆಗೆ ಬಂದವರಲ್ಲ. ಲೆಕ್ಕವಿಲ್ಲದವನ ಅಳಲಿಗೆ ಕಿವಿಯಿಲ್ಲ.

ಇನ್ನು ಯಾರೂ ಆಡದ ಮಾತಿಗೆ ಬರೋಣ. ಊರಿನಲ್ಲಿ ನಿಮ್ಮ ಕಷ್ಟ ಯಾರಿಗೂ ಕಾಣುವುದಿಲ್ಲ. ‘ಏಸಿ ರೂಮು, ಕ್ಯಾಬು, ತಿಂಗಳು ತುಂಬಿದ್ರೆ ಸಂಬಳ. ಬಿಸಿಲಾ, ಮಳೆಯಾ? ನಿಂಗೇನ್ಲಾ ಕಷ್ಟ?’ ಎನ್ನುತ್ತಾರೆ ಮಾವ. ಆ ಮಾವನ ತಪ್ಪೂ ಅಲ್ಲ, ಅವರು ಕಂಡ ಕಷ್ಟಕ್ಕೆ ಬೆವರಿತ್ತು, ನಿಮ್ಮದಕ್ಕಿಲ್ಲ. ಮನೆ ಸಾಲ, ತಂಗಿಯ ಮದುವೆ, ಅಪ್ಪನ ಮಂಡಿ ನೋವು, ಎಲ್ಲಕ್ಕೂ ನಿಮ್ಮ ಸಂಬಳವೇ ಆಧಾರವಾದ ಮನೆಯಲ್ಲಿ ‘ನನಗೆ ಆಗುತ್ತಿಲ್ಲ’ ಎನ್ನುವ ಎರಡು ಪದ ಗಂಟಲಲ್ಲೇ ಉಳಿಯುತ್ತದೆ. ಹೆಣ್ಣುಮಕ್ಕಳಿಗಂತೂ ಇನ್ನೊಂದು ಪಾಳಿ ಅಡುಗೆಮನೆಯಲ್ಲಿ ಕಾದಿರುತ್ತದೆ. ಅದನ್ನು ಯಾವ ಟೈಂಶೀಟಿನಲ್ಲೂ ಬರೆಯುವ ಜಾಗವಿಲ್ಲ. ನಿದ್ದೆ ಬಾರದಿರುವುದು, ಭಾನುವಾರ ಸಂಜೆಯಾದರೆ ಎದೆ ಬಡಿದುಕೊಳ್ಳುವುದು, ಒಂದು ಕಾಲಕ್ಕೆ ಇಷ್ಟಪಟ್ಟ ಕೆಲಸವೇ ಅಸಹ್ಯವಾಗುವುದು, ಏನು ಮಾಡಿದರೂ ಪ್ರಯೋಜನವಿಲ್ಲ ಎನ್ನಿಸುವುದು ಸೋಮಾರಿತನವಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ ಪಟ್ಟಿಯಲ್ಲಿ ಬರ್ನ್‌ಔಟ್ ಎಂದು ಬರೆದದ್ದು ಇಂಥದ್ದನ್ನೇ: ಸಂಭಾಳಿಸಲಾಗದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದು ಬರೆದದ್ದು. ಕಾರಣ ಕೆಲಸದಲ್ಲಿದೆ. ನಿಮ್ಮಲ್ಲಿಲ್ಲ.

ಕಾಲಿಗೆ ಪೆಟ್ಟಾದರೆ ಆಸ್ಪತ್ರೆಗೆ ಹೋಗುತ್ತೀರಿ ತಾನೇ? ಮನಸ್ಸಿಗೆ ಪೆಟ್ಟಾದರೂ ಹೋಗಿ. ಬೆಂಗಳೂರಿನ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ದೇಶಕ್ಕೇ ಹೆಸರಾದದ್ದು, ನಿಮ್ಮ ಪಿಜಿಯಿಂದ ಒಂದೆರಡು ಬಸ್ಸಿನ ದೂರ. ಅಷ್ಟು ದೂರವೂ ಆಗದಿದ್ದರೆ ಟೆಲಿ-ಮಾನಸ್ ಸಹಾಯವಾಣಿ ಇದೆ: 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಿಲ್ಲ. ಆ ನಂಬರನ್ನು ಈಗಲೇ ಫೋನಿಗೆ ಹಾಕಿಕೊಳ್ಳಿ. ನಿಮಗೆ ಬೇಡವಾದರೆ ಪಕ್ಕದ ಮಂಚದವನಿಗೆ ಬೇಕಾಗಬಹುದು.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆ? ನೀವು ಸುಖವಾಗಿ ಮಲಗಲಿ ಎಂದಷ್ಟೇ ಅಲ್ಲ. ನಿಮ್ಮ ಗಮನದ ಮೇಲೆ ಈ ನೆಲಕ್ಕೂ ಒಂದು ಪಾಲಿದೆ.

ಕಾಡಂಚಿನ ನಮ್ಮ ಹಳ್ಳಿಗಳಲ್ಲಿ ಜೋಳ ಹಾಲು ತುಂಬುವ ದಿನಗಳಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತು. ಅಪ್ಪ ಕಂಬಳಿ ಹೊದ್ದು, ಟಾರ್ಚು ಪಟಾಕಿ ಇಟ್ಟುಕೊಂಡು ಹೊಲದ ಅಟ್ಟಣೆಯ ಮೇಲೆ ಕುಳಿತಿರುತ್ತಾನೆ. ಆನೆ ಯಾವ ಕಡೆಯಿಂದ ಬಂದೀತೋ, ಹಂದಿ ಯಾವ ಸಾಲಿಗೆ ನುಗ್ಗೀತೋ ಎಂದು ಕಿವಿ ನೆಟ್ಟಿರುತ್ತಾನೆ. ಅದೇ ರಾತ್ರಿ, ಅದೇ ಹೊತ್ತಿಗೆ, ಮಾರತ್ತಹಳ್ಳಿಯ ಪಿಜಿಯೊಂದರಲ್ಲಿ ಮಗ ಆನ್‌ಕಾಲ್ ಪಾಳಿಯಲ್ಲಿ ಲ್ಯಾಪ್‌ಟಾಪ್ ಬೆಳಕಿಗೆ ಕಣ್ಣು ನೆಟ್ಟಿರುತ್ತಾನೆ, ಸಮುದ್ರದಾಚೆಯ ಯಾರದೋ ಶಾಪಿಂಗ್ ಪುಟ ನಿಂತೀತೇ ಎಂದು. ಒಂದೇ ಮನೆಯ ಇಬ್ಬರು ಒಂದೇ ರಾತ್ರಿ ನಿದ್ದೆಗೆಟ್ಟಿದ್ದಾರೆ. ಮಗ ಕಾಯುತ್ತಿರುವ ಯಂತ್ರಕ್ಕೆ ನೂರು ಬಗೆಯ ಅಲಾರಂ ಇದೆ. ಅಪ್ಪನ ಹೊಲಕ್ಕೆ?

ಅಲಾರಂ ಅಸಾಧ್ಯವೇನಲ್ಲ. ಪಕ್ಕದ ತಮಿಳುನಾಡಿನ ವಾಲ್ಪಾರೈನ ಚಹಾ ತೋಟಗಳಲ್ಲಿ ಆನೆ ಎಲ್ಲಿದೆ ಎಂಬ ಸುದ್ದಿಯನ್ನು ಎಸ್‌ಎಂಎಸ್ ಮೂಲಕ ಜನರಿಗೆ ತಲುಪಿಸಿ ಜೀವ ಉಳಿಸಿದರು. ಎಸ್‌ಎಂಎಸ್ಸು, ಮತ್ತೇನೂ ದೊಡ್ಡ ತಂತ್ರಜ್ಞಾನವಲ್ಲ. ನಮ್ಮ ಬಂಡೀಪುರ, ನಾಗರಹೊಳೆಯ ಅಂಚಿನಲ್ಲೇ 2015ರಿಂದ ವೈಲ್ಡ್‌ಸೇವೆ ಎಂಬ ಯೋಜನೆ ನಡೆಯುತ್ತಿದೆ: ಬೆಳೆ ಹಾನಿಯಾದ ರೈತ ಒಂದು ಫೋನು ಮಾಡಿದರೆ ಸಿಬ್ಬಂದಿ ಹೊಲಕ್ಕೇ ಬಂದು, ಫೋಟೊ ತೆಗೆದು, ಪರಿಹಾರದ ಅರ್ಜಿ ಹಾಕಲು ನೆರವಾಗುತ್ತಾರೆ. ಪಹಣಿಗಾಗಿ ಗ್ರಾಮಲೆಕ್ಕಿಗರ ಮನೆ ಬಾಗಿಲಲ್ಲಿ ಕಾಯುತ್ತಿದ್ದ ಕಾಲದ ಬಗ್ಗೆ ನಿಮ್ಮ ಅಪ್ಪಂದಿರನ್ನು ಕೇಳಿ ನೋಡಿ. ‘ಭೂಮಿ’ ತಂತ್ರಾಂಶ ಬಂದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆ ಕಾಗದ ಕೈಗೆ ಬಂತು. ಕೋಡ್ ಎಂಬುದು ಬದುಕನ್ನು ಹೀಗೆ ಮುಟ್ಟುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದೇ ಸಾಹಸವಾಗಿದ್ದ ದಿನಗಳಲ್ಲಿ ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಲಕ್ಷಾಂತರ ಮನೆಗಳಲ್ಲಿ ಕನ್ನಡ ಅಕ್ಷರ ಪರದೆಯ ಮೇಲೆ ಮೂಡಿತು. ಯಾವ ಸ್ಪ್ರಿಂಟಿನ ಡೆಡ್‌ಲೈನ್ ಅವರ ಬೆನ್ನಿಗಿತ್ತು? ಇದ್ದದ್ದು ಚೂರಾಗದ ಗಮನ, ಇದು ನನ್ನದು ಎಂಬ ಹಟ.

ಅರಿಶಿನದ ಬೆಲೆ ಬೀಳುವ ಮುನ್ನ ರೈತನಿಗೆ ತಿಳಿಸುವ ಕೆಲಸ ಬಾಕಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯದ ಅರಣ್ಯ ಹಕ್ಕನ್ನು ಈ ದೇಶದಲ್ಲೇ ಮೊದಲು, 2011ರಲ್ಲಿ ಪಡೆದವರು, ತಮ್ಮ ಕಾಡಿನ ಹೆಸರುಗಳನ್ನೂ ಹಾಡುಗಳನ್ನೂ ತಾವೇ ದಾಖಲಿಸಿಡಲು ಬೇಕಾದ ಸಲಕರಣೆ ಬಾಕಿ ಇದೆ. ಸರ್ಕಾರಿ ಶಾಲೆಯ ಕಂಪ್ಯೂಟರ್ ಕೋಣೆಯ ಬೀಗ ತೆಗೆಯುವವರು ಬಾಕಿ. ಇವನ್ನು ಸ್ಯಾನ್‌ಫ್ರಾನ್ಸಿಸ್ಕೊದವರು ಬಂದು ಮಾಡುವರೇ? ಜೋಳ ಎಷ್ಟು ದಿನಕ್ಕೆ ಹಾಲು ತುಂಬುತ್ತದೆ ಎಂದು ಅವರಿಗೆ ಗೊತ್ತೇ? ನಿಮಗೆ ಗೊತ್ತು. ಹೊಲವೂ ಗೊತ್ತು, ಕೋಡೂ ಗೊತ್ತು. ಈ ಎರಡೂ ಗೊತ್ತಿರುವ ತಲೆಗಳು ಈ ರಾಜ್ಯದಲ್ಲಿ ಎಷ್ಟಿವೆ?

ಒಂದು ಎಚ್ಚರ, ಈ ನೆಲದ ಕೆಲಸವೂ ನಿಮ್ಮ ಹದಿನೈದನೇ ಟಿಕೆಟ್ ಆಗಕೂಡದು. ಈಗಿರುವ ಹೊರೆಯ ಮೇಲೆ ಇದನ್ನೂ ಹೇರಿಕೊಂಡರೆ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಮೊದಲು ಗೇಟು ಹಾಕಿ, ಹೊತ್ತು ಬಿಡಿಸಿಕೊಳ್ಳಿ. ಬಿಡಿಸಿಕೊಂಡ ಹೊತ್ತಿನ ಮೊದಲ ಪಾಲು ನಿದ್ದೆಗೆ, ಎರಡನೆಯದು ಅವ್ವನ ಫೋನಿಗೆ. ಉಳಿದದ್ದನ್ನು ಊರು ಕೇಳುತ್ತದೆ, ಅದಕ್ಕೇನೂ ಅವಸರವಿಲ್ಲ.

ಈಗ ಲೀಡ್ ಆಗಿರುವವರಿಗೆ, ಮ್ಯಾನೇಜರ್ ಆಗಿರುವವರಿಗೆ ಎರಡು ಮಾತು. ನಮ್ಮ ಸೀಮೆಯವರು ನೀವೀಗ ಬಹಳ ಮಂದಿ ಇದ್ದೀರಿ. ನೀವು ಅನುಭವಿಸಿದ್ದನ್ನು ಕಿರಿಯರಿಗೂ ಉಣಿಸುವುದೇ ತರಬೇತಿ ಎಂದು ತಿಳಿಯಬೇಡಿ. ಒಬ್ಬರ ಹೆಸರಿಗೆ ಒಂದು ಹೊತ್ತಿನಲ್ಲಿ ಒಂದೇ ದೊಡ್ಡ ಕೆಲಸ ಇರಲಿ. ಬೆಳಗಿನ ಎರಡು ಗಂಟೆ ಮೀಟಿಂಗ್ ಇಲ್ಲದ ಹೊತ್ತು ಎಂದು ಟೀಮಿನ ಕ್ಯಾಲೆಂಡರಿನಲ್ಲಿ ಬರೆದುಬಿಡಿ. ಕ್ಲೈಂಟ್ ಮುಂದೆ ‘ಆಗಲ್ಲ’ ಎನ್ನುವ ಕಷ್ಟವನ್ನು ನೀವು ಹೊತ್ತರೆ ಹತ್ತು ಮಂದಿಯ ರಾತ್ರಿ ಉಳಿಯುತ್ತದೆ. ಅದಕ್ಕೇ ಅಲ್ಲವೇ ನಿಮಗೆ ಹೆಚ್ಚು ಸಂಬಳ?

ಕೊನೆಯ ಸೆಮಿಸ್ಟರಿನಲ್ಲಿ ಪ್ಲೇಸ್‌ಮೆಂಟಿಗೆ ಕಾಯುತ್ತಿರುವ ತಮ್ಮಂದಿರೇ, ತಂಗಿಯರೇ, ಇಂಟರ್‌ವ್ಯೂ ಮುಗಿಯುವಾಗ ಎದುರಿನವರು ‘ನಿಮ್ಮದೇನಾದರೂ ಪ್ರಶ್ನೆ ಇದೆಯಾ?’ ಎಂದು ಕೇಳುತ್ತಾರೆ. ನಮ್ಮ ಕಡೆಯವರು ಕೈಕಟ್ಟಿ ‘ಇಲ್ಲ ಸಾರ್’ ಎಂದು ಎದ್ದು ಬರುತ್ತಾರೆ. ಈ ಸಲ ಏಳಬೇಡಿ. ಒಬ್ಬರ ಮೇಲೆ ಎಷ್ಟು ಪ್ರಾಜೆಕ್ಟ್ ಹಾಕುತ್ತೀರಿ? ಆನ್‌ಕಾಲ್ ಎಷ್ಟು ವಾರಕ್ಕೊಮ್ಮೆ ಬರುತ್ತದೆ? ರಾತ್ರಿ ಎದ್ದು ಕೆಲಸ ಮಾಡಿದವರಿಗೆ ಮರುದಿನ ರಜೆ ಕೊಡುತ್ತೀರಾ? ಓವರ್‌ಟೈಮಿನ ಲೆಕ್ಕ ಯಾರು ಬರೆಯುತ್ತಾರೆ? ಕುಂದುಕೊರತೆ ಕೇಳುವ ಸಮಿತಿ ಇದೆಯೇ, ಅದರಲ್ಲಿ ನೌಕರರು ಯಾರಿದ್ದಾರೆ? ಕನ್ನಡದಲ್ಲಿ ಯೋಚಿಸಿ, ಬಂದಷ್ಟು ಇಂಗ್ಲಿಷಿನಲ್ಲಿ ಕೇಳಿ. ತಲೆಯೆತ್ತಿ ಕೇಳಿ. ಉತ್ತರ ಬರುವ ತನಕ ಕುರ್ಚಿ ಬಿಡಬೇಡಿ.